ಬಸವಣ್ಣನ ಸೋಮವಾರ, ಸಾಹೇಬರ ಸೋಮವಾರ

ನಮ್ಮ ಓಣಿಯ ಹುಡುಗಿಯೊಬ್ಬಳು ದನದ ಡಾಕ್ಟರಿಕೆ ಓದಿ ಮುಗಿಸಿದ್ದಾಳೆ. ಕೆಲಸದ ಆದೇಶ ಕೈಗೆ ಬಂದ ದಿನ ಪೇಢೆ ಹಿಡಿದುಕೊಂಡು ಬಂದು, "ಕಾಕಾ, ಜನ್ಮಾ ಪೂರಾ ಇದಽ ಕೆಲಸ ಮಾಡೀರಿ, ಏನರ ನಾಕ ಮಾತು ಹೇಳ್ರಿ" ಅಂದಳು. ಪೇಢೆ ತಿಂದೆ, ಮಾತು ಹೇಳಲಿಲ್ಲ. ಬಾಯಲ್ಲಿ ಸಿಹಿ ಇಟ್ಟುಕೊಂಡು ನಮ್ಮ ಇಲಾಖೆಯ ವಿಷಯ ಮಾತಾಡುವುದು ಕಷ್ಟ. ಅದಕ್ಕೇ ಬರೆಯಲು ಕೂತಿದ್ದೇನೆ.

ಬಡ್ತಿ ಯಾವಾಗ ಸಿಕ್ಕಿತು, ಯಾವ ಕುರ್ಚಿಯ ಮೇಲೆ ಕೂತೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಸರಕಾರಿ ಕುರ್ಚಿಗಳೆಲ್ಲ ಒಂದೇ, ಒಂದು ಕಾಲು ಗಿಡ್ಡ ಇರುತ್ತದೆ. ಈ ಕೆಲಸಕ್ಕೆ ಸೇರುವವರು ಮೊದಲು ತಿಳಿಯಬೇಕಾದದ್ದು ಬೇರೆ. ಎಡಗೈ ಭುಜದವರೆಗೆ ಆಕಳಿನ ಒಳಗಿರುವಾಗ ಮನುಷ್ಯನಿಗೆ ಯಾವ ಘನತೆಯೂ ಉಳಿಯುವುದಿಲ್ಲ. ಪಂಚಾಯ್ತಿ ಚೇರ್ಮನ್ನರು ಸರಿಯಾಗಿ ಅದೇ ಹೊತ್ತಿಗೆ ಬಂದು ನಮಸ್ಕಾರ ಅನ್ನುತ್ತಾರೆ. ಬಲಗೈಯಲ್ಲಿ ಕೊಳವೆ ಇರುತ್ತದೆ. ತಲೆ ಅಲ್ಲಾಡಿಸಿದರೆ ಆಕಳ ಬಾಲ ಮುಖಕ್ಕೆ ಬೀಳುತ್ತದೆ. ಪ್ರತಿ ನಮಸ್ಕಾರ ಮಾಡದ ಸೊಕ್ಕಿನ ಡಾಕ್ಟರು ಎಂಬ ಹೆಸರು ನನಗೆ ಬಂದದ್ದು ಹೀಗೆ.

ನನ್ನ ಮೊದಲ ಊರು ಕಲಘಟಗಿ ಕಡೆಯದು. ಎಂಬತ್ತರ ದಶಕದ ಆರಂಭ. ಆಗ ಹೋರಿಯ ವೀರ್ಯವನ್ನು ಹೆಪ್ಪುಗಟ್ಟಿಸಿ ಕಲ್ಲಾಗಿಸಿ ಇಡುವ ವಿದ್ಯೆ ನಮ್ಮ ಕಡೆಗೆ ಬಂದಿರಲಿಲ್ಲ. ಜಿಲ್ಲಾ ಕೇಂದ್ರದ ಹೋರಿಗಳಿಂದ ತೆಗೆದದ್ದನ್ನು ಕೋಳಿ ತತ್ತಿಯ ಹಳದಿಯಲ್ಲಿ ಕಲಸಿ, ಮಂಜುಗಡ್ಡೆ ಹಾಕಿದ ಥರ್ಮಾಸಿನಲ್ಲಿ ತುಂಬಿ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು. ಥಂಡಿಯಲ್ಲಿದ್ದರೆ ಎರಡು ಮೂರು ದಿನ ಜೀವ ಹಿಡಿದಿರುತ್ತಿತ್ತು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ, ಬೀಗರ ಮನೆಯ ಬುತ್ತಿ ಇಳಿಸಿಕೊಂಡಂತೆ ಅದನ್ನು ಇಳಿಸಿಕೊಂಡು ಬರಬೇಕು. ದವಾಖಾನೆಯಲ್ಲಿ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ದುರ್ಬೀನಿನಲ್ಲಿ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿ, ವೀರ್ಯಾಣುಗಳು ಈಜಾಡುತ್ತಿವೆ ಎಂದು ಖಾತ್ರಿಯಾದ ಮೇಲೆ ಕೆಲಸ. ಒಂದು ಚಳಿಗಾಲದಲ್ಲಿ ವಾರವಿಡೀ ಒಂದೂ ಅಲ್ಲಾಡಲಿಲ್ಲ. ದುರ್ಬೀನು ಒರೆಸಿದೆ, ಕನ್ನಡಕ ಒರೆಸಿದೆ. ಕೊನೆಗೆ ಗೊತ್ತಾಯಿತು, ಬಸ್ಸಿನ ಕಂಡಕ್ಟರು ಭಾಳ ಒಳ್ಳೆಯ ಮನುಷ್ಯ. "ಥಂಡಿ ಅಗದಿ ಜೋರೈತ್ರಿ, ಬೆಚ್ಚಗಿರ್ಲಿ ಅಂತ ಇಂಜಿನ್ ಬಾಜೂಕ ಇಡಾಕತ್ತೇನಿ" ಅಂದ. ನಾನು ಅವನಿಗೆ ಚಹಾ ಕುಡಿಸಿ ಕಾಲು ಬೀಳುವುದೊಂದು ಬಾಕಿ. ಇಲಾಖೆಯಲ್ಲಿ ನನ್ನ ಕೆಲಸ ಕೆಡಿಸಿದವರಲ್ಲಿ ಪ್ರೀತಿಯಿಂದ ಕೆಡಿಸಿದವನು ಅವನೊಬ್ಬನೇ.

ಆಮೇಲೆ ನನ್ನನ್ನು ಅಣ್ಣಿಗೇರಿ ಆಚೆಯ ಕಪ್ಪು ಮಣ್ಣಿನ ಎರಿ ಭೂಮಿಯ ಒಂದು ಹಳ್ಳಿಗೆ ಹಾಕಿದರು. ಊರ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಇಂದಿಗೂ ನನ್ನನ್ನು ಮದುವೆಗೆ ಕರೆಯುತ್ತಾರೆ. ನಾನು ಹೋಗುವ ಒಂದೂವರೆ ವರ್ಷ ಮುಂಚೆಯೇ ಅಲ್ಲಿಗೆ ಹೊಸ ವಿದ್ಯೆ ಬಂದಿತ್ತು. ದ್ರವ ಸಾರಜನಕ ತುಂಬಿದ ದೊಡ್ಡ ಹಂಡೆ, ಮುಚ್ಚಳ ತೆಗೆದರೆ ಬಿಳಿ ಹೊಗೆ. ಅದರೊಳಗೆ ಕಡ್ಡಿಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ನಳಿಗೆಗಳು, ಒಂದೊಂದರಲ್ಲೂ ಹೆಪ್ಪುಗಟ್ಟಿದ ವೀರ್ಯ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಜನ ಅದನ್ನು ಹೊಗೆ ಹಂಡೆ ಎಂದು ಕರೆದು, ಮೊದಲ ದಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರಂತೆ. ನಮ್ಮ ಮೇಲಿನ ಸಾಹೇಬರು ಬಂದು ಭಾಷಣ ಮಾಡಿ, ಇನ್ನು ಮೇಲೆ ಈ ಊರಿಗೆ ಹೋರಿಯ ಅವಶ್ಯಕತೆಯೇ ಇಲ್ಲ ಎಂದು ಸಾರಿ, ಅದೇ ತಿಂಗಳು ಊರಿನ ಹೋರಿಗಳಿಗೆಲ್ಲ ಬೀಜ ಒಡೆಸಿ ಎತ್ತು ಮಾಡಿಸಿಬಿಟ್ಟಿದ್ದರು. ಹಿಂದಿನ ಸೇತುವೆ ಕೆಡವಿ ಮುಂದಿನದಕ್ಕೆ ಅಡಿಗಲ್ಲು ಹಾಕುವ ಜಾಣತನ.

ಸಾಹೇಬರ ಬಗ್ಗೆ ಒಂದು ಮಾತು. ಅವರು ಕೆಟ್ಟವರಲ್ಲ. ಲಂಚ ಮುಟ್ಟುತ್ತಿರಲಿಲ್ಲ, ಬಾಯಿ ಹೊಲಸಲ್ಲ. ಆದರೆ ಅವರಿಗೆ ಗುರಿ ಎಂಬ ಒಂದು ರೋಗವಿತ್ತು. ತಿಂಗಳಿಗೆ ಇಷ್ಟು ಕಡ್ಡಿ ಖರ್ಚಾಗಬೇಕು ಅಂದರೆ ಆಗಬೇಕು. ಕಡ್ಡಿ ಖರ್ಚಾದರೆ ಸಾಧನೆ. ಕರು ಹುಟ್ಟಿತೋ ಇಲ್ಲವೋ ಎಂಬುದು ಅವರ ಪ್ರಕಾರ ಬೇರೆ ಯಾವುದೋ ಇಲಾಖೆಯ ತಲೆನೋವು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಗಾದೆ ಕೇಳಿದ್ದೀರಲ್ಲ, ನಮ್ಮ ಸಾಹೇಬರು ಕಟ್ಟಿ, ಕರುವಿನ ಲೆಕ್ಕವನ್ನೂ ಬೆಂಗಳೂರಿಗೆ ಕಳಿಸುವವರು. ಪ್ರತಿ ಸೋಮವಾರ ಮುಂಜಾನೆ ತಾಲೂಕಿನ ಕಚೇರಿಯಲ್ಲಿ ಮೀಟಿಂಗ್. ಎಲ್ಲ ಡಾಕ್ಟರೂ ಹಾಜರಿರಬೇಕು. ದನ ಸತ್ತರೂ ಮಂಗಳವಾರ ಸಾಯಬೇಕು.

ಆ ಊರಿಗೆ ಹಾಜರಾದ ಕೂಡಲೇ ಅವರೇ ನನ್ನನ್ನು ಧಾರವಾಡಕ್ಕೆ ತರಬೇತಿಗೆ ಕಳಿಸಿದರು. ಬೇರೆ ಯಾರೂ ಹೋಗಲು ಒಪ್ಪಲಿಲ್ಲ, ಅದಕ್ಕೆ. ಅಲ್ಲೊಬ್ಬ ಮುದುಕ ಮೇಷ್ಟ್ರು ಪಾಠ ಮಾಡಿದರು. ಊಟವಾದ ಮೇಲಿನ ಪಾಠ, ಅರ್ಧ ಜನ ತೂಕಡಿಸುತ್ತಿದ್ದರು. ಅವರು ಹೇಳಿದ್ದು ನನ್ನ ನಿದ್ದೆ ಹಾರಿಸಿತು. ಕಾಲೇಜಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸಂಗತಿಯೇ, ಆದರೆ ಅರ್ಥವಾದದ್ದು ಅಂದು.

ವೀರ್ಯಾಣು ಹೋರಿಯಿಂದ ಹೊರಬಿದ್ದ ಕೂಡಲೇ ಆಕಳಿನ ತತ್ತಿಯೊಳಗೆ, ಅಂದರೆ ಅಂಡಾಣುವಿನೊಳಗೆ ಹೋಗಲಾರದು. ಓಡಬಲ್ಲದು, ಬಾಲ ಬಡಿಯಬಲ್ಲದು, ದುರ್ಬೀನಿನಲ್ಲಿ ನೋಡಿದರೆ ಪೈಲ್ವಾನನಂತೆ ಕಾಣುತ್ತದೆ. ಆದರೆ ತತ್ತಿಯ ಮುಂದೆ ಬಿಟ್ಟರೆ ಬಾಗಿಲು ತೆರೆಯಲು ಬರುವುದಿಲ್ಲ. ಅದರ ಮೈಯ ಪೊರೆಯ ಮೇಲೆ ಹೋರಿಯ ರಸದ ಲೇಪವಿರುತ್ತದೆ, ಪೊರೆಯೊಳಗೆ ಕೊಲೆಸ್ಟರಾಲ್ ತುಂಬಿ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಆಕಳಿನ ಗರ್ಭಕೋಶ, ಗರ್ಭನಾಳಗಳಲ್ಲಿ ಕೆಲವು ತಾಸು ಕಳೆಯಬೇಕು. ಅಲ್ಲಿಯ ರಸ ಆ ಲೇಪವನ್ನು ಮೆಲ್ಲಗೆ ತೊಳೆಯುತ್ತದೆ, ಕೊಲೆಸ್ಟರಾಲ್ ಹೊರಗೆಳೆಯುತ್ತದೆ. ಪೊರೆ ಸಡಿಲಾಗುತ್ತದೆ, ಅದರ ಮೂಲಕ ಸುಣ್ಣದ ಅಂಶ ಒಳಗೆ ನುಗ್ಗುತ್ತದೆ, ಬಾಲ ಚಾಟಿಯಂತೆ ಬೀಸತೊಡಗುತ್ತದೆ. ಆಗ ತತ್ತಿ ಸಿಕ್ಕರೆ ತಲೆಯ ಮೇಲಿನ ಟೋಪಿಯಂಥ ಚೀಲ ಒಡೆದು, ತತ್ತಿಯ ಗೋಡೆ ಕರಗಿಸುವ ರಸ ಸುರಿಯುತ್ತದೆ. ಇದಕ್ಕೆ ಕೆಪಾಸಿಟೇಶನ್ ಅನ್ನುತ್ತಾರೆ. ಯೋಗ್ಯತೆ ಪಡೆಯುವುದು ಅನ್ನಿ. ಯೋಗ್ಯತೆ ಬಂದ ಮೇಲೆ ಆಯುಷ್ಯ ಕಡಿಮೆ, ತತ್ತಿ ಸಿಗದಿದ್ದರೆ ಬೇಗ ಸಾಯುತ್ತದೆ. ನಮ್ಮ ಇಲಾಖೆಯಲ್ಲಿ ಯೋಗ್ಯತೆ ಇಲ್ಲದವರು ದೀರ್ಘಾಯುಷಿಗಳಾಗಿರುವ ಗುಟ್ಟು ಅಂದು ನನಗೆ ತಿಳಿಯಿತು. ಈ ಪೊರೆಯ ವ್ಯವಹಾರ ಹೋರಿಗೂ ಅಷ್ಟೇ, ಹಣೆತುಂಬ ವಿಭೂತಿ ಹಚ್ಚಿದ ಮನೆಯ ಯಜಮಾನನಿಗೂ ಅಷ್ಟೇ.

ಹೋರಿ ಹಾರಿದಾಗ ಬಿದ್ದ ತಾಜಾ ವೀರ್ಯಾಣುಗಳು ಗರ್ಭನಾಳದ ಗೋಡೆಗೆ ಅಂಟಿಕೊಂಡು ಕಾಯಬಲ್ಲವು. ಸ್ವಲ್ಪ ಸ್ವಲ್ಪವೇ ತಯಾರಾಗಿ ಹೊರಡುತ್ತವೆ. ತತ್ತಿ ತಡವಾಗಿ ಬಂದರೂ ಯಾರಾದರೊಬ್ಬರು ಎದ್ದಿರುತ್ತಾರೆ. ಹೆಪ್ಪುಗಟ್ಟಿಸಿ ಕರಗಿಸಿದವುಗಳ ಪಾಡು ಬೇರೆ. ಆ ಚಳಿಯ ಹೊಡೆತಕ್ಕೇ ಪೊರೆ ಅರ್ಧ ಸಡಿಲಾಗಿರುತ್ತದೆ. ಬಂದವು ಆಗಲೇ ಅರ್ಧ ತಯಾರು, ಅವಕ್ಕೆ ಕಾಯುವ ತಾಳ್ಮೆಯಿಲ್ಲ. ಆದ್ದರಿಂದ ಬೆದೆಯ ಮೊದಲಲ್ಲೇ ಕಡ್ಡಿ ಹಾಕಿದರೆ ತತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮುಂಜಾನೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಮುಂಜಾನೆಗೆ. ಹೊಸ ಹುಡುಗಿಗೆ ನಾನು ಹೇಳಬಹುದಾದ ವಿದ್ಯೆಯೆಲ್ಲ ಇಷ್ಟೇ, ಉಳಿದದ್ದು ಕೈ ತೊಳೆಯುವುದು.

ಇದನ್ನು ಮೀಟಿಂಗಿನಲ್ಲಿ ಹೇಳಿದೆ. ಸಾಹೇಬರು ಗಮನವಿಟ್ಟು ಕೇಳಿ, ದವಾಖಾನೆಯ ವೇಳೆ ಮುಂಜಾನೆ ಎಂಟಕ್ಕೆ ಶುರುವಾಗುತ್ತದೆ, ಆದ್ದರಿಂದ ಎಲ್ಲ ದನಗಳೂ ಸಂಜೆಯೇ ಬೆದೆಗೆ ಬಂದರೆ ಅನುಕೂಲ ಅಂದರು. ಕೋಣನ ಮುಂದೆ ಕಿನ್ನರಿ ಅನ್ನುವಂತಿಲ್ಲ. ಕೋಣ ಕನಿಷ್ಠ ಕಿವಿಯಾದರೂ ಅಲ್ಲಾಡಿಸುತ್ತದೆ.

ಇನ್ನು ಶಿವವ್ವನ ಆಕಳಿನ ಕಥೆ.

ತರಬೇತಿ ಮುಗಿಸಿ ಊರಿಗೆ ತಿರುಗಿ ಬಂದ ವಾರವೇ ಶಿವವ್ವ ದವಾಖಾನೆಗೆ ಜಗಳಕ್ಕೆ ಬಂದರು. ಊರಿನ ಹಳೆಯ ಲಿಂಗವಂತ ಮನೆತನ, ಹತ್ತಿ ಜೋಳ ಬೆಳೆಯುವ ಹೊಲ, ಗಂಡ ತೀರಿಕೊಂಡ ಮೇಲೆ ಮನೆಯ ಕೀಲಿಕೈ ಅವರ ಸೊಂಟದಲ್ಲಿ. ಹಿಂದೆ ಸೊಸೆ ನೀಲವ್ವ, ಸೆರಗು ಹೊದ್ದುಕೊಂಡು ಬಾಗಿಲ ಬಳಿ ನಿಂತಿದ್ದಳು. ನನ್ನ ಅಟೆಂಡರ್ ಮೌಲಾಸಾಬ ಶಿವವ್ವನನ್ನು ದೂರದಿಂದಲೇ ಕಂಡು, ಔಷಧಿ ಕೋಣೆಯಲ್ಲಿ ಏನೋ ತುರ್ತು ಕೆಲಸ ನೆನಪಾಗಿ ಒಳಗೆ ಹೋದ.

ಅವರ ದೂರು ಹೀಗಿತ್ತು. ಮೂರು ವರ್ಷದ ಹಿಂದೆ ನೀಲವ್ವ ಮದುವೆಯಾಗಿ ಬರುವಾಗ ನವಲಗುಂದ ಕಡೆಯ ತವರಿನಿಂದ ಒಂದು ಆಕಳು ಬಂದಿತ್ತು, ಹೆಸರು ಗೌರಿ. ತವರಿನಲ್ಲಿ ಊರ ಹೋರಿಗೆ ಒಮ್ಮೆ ಕಟ್ಟಿ ಕರು ಹಾಕಿದ್ದ ಆಕಳು. ಇಲ್ಲಿಗೆ ಬಂದ ಮೇಲೆ ವರ್ಷಕ್ಕೂ ಮಿಕ್ಕಿ ಬೆದೆಗೆ ಬರದೆ ಹಾಲು ಕೊಟ್ಟು, ಆಮೇಲೆ ಬತ್ತಿತು. ಮುಂದಿನ ಬೆದೆ ಬರುವಷ್ಟರಲ್ಲಿ ಊರಲ್ಲಿ ಹೋರಿಗಳಿಲ್ಲ. ನನಗಿಂತ ಹಿಂದಿದ್ದ ಡಾಕ್ಟರು ಕಡ್ಡಿ ಹಾಕಿದರು, ಗಬ್ಬ ನಿಲ್ಲಲಿಲ್ಲ. ಮತ್ತೆ ಹಾಕಿದರು, ಮತ್ತೆ ಹಾಕಿದರು. ಗೌರಿ ಪ್ರತಿ ಸಲ ಹೊರಳಿ ಬೆದೆಗೆ ಬಂತು.

ಇಲ್ಲಿಯವರೆಗೆ ಇದು ಆಕಳಿನ ಕಥೆ. ಶಿವವ್ವನಿಗೆ ಅದು ಸೊಸೆಯ ಕಥೆಯೂ ಆಗಿತ್ತು. ನೀಲವ್ವನಿಗೂ ಮೂರು ವರ್ಷದಿಂದ ಮಕ್ಕಳಿಲ್ಲ. ತವರಲ್ಲಿ ಈದ ಆಕಳು ನಮ್ಮ ಮನೆಗೆ ಬಂದು ಬಂಜೆಯಾಯಿತು, ಅದು ತಂದವಳ ಕೈಗುಣ ಎಂದು ಅವರು ಸೊಸೆಯ ಎದುರಿಗೇ ನನಗೆ ವಿವರಿಸಿದರು. ಕುಂದಗೋಳ ಕಡೆಯ ಒಂದು ಹುಡುಗಿಯನ್ನು ಮಗ ಈರಪ್ಪನಿಗೆ ನೋಡಿಯೂ ಆಗಿತ್ತು. ಈ ಸಲ ಆಕಳು ನಿಲ್ಲದಿದ್ದರೆ ಅದು ಸಂತೆಗೆ, ನೀಲವ್ವ ತವರಿಗೆ. ನೀಲವ್ವ ನೆಲ ನೋಡುತ್ತಾ ನಿಂತಿದ್ದಳು. ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿದರೆ ಆಕಳು ನನ್ನ ಬಳಿ ಬರುವುದೇ ನಿಲ್ಲುತ್ತದೆ, ಆಗ ಅವಳ ಗತಿ ಮುಗಿದಂತೆಯೇ. ನುಂಗಿಕೊಂಡು, ಬೆದೆಗೆ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳಿದೆ.

"ಅದೊಂದು ಮಾತ್ರ ಗಡಿಯಾರ ಇದ್ದಂಗ್ರಿ. ಪ್ರತಿ ಸಲ ಐತವಾರ, ಸಂಜೀ ಮೇವು ಹಾಕೂ ಹೊತ್ತಿಗೆ ಒದರಾಕ ಚಾಲೂ ಮಾಡತೈತಿ. ನಾವು ತಡಾ ಮಾಡಂಗಿಲ್ರಿ, ದೀಪ ಹಚ್ಚೂದ್ರಾಗ ಹೊಡಕೊಂಡು ಬಂದಿರ್ತೇವಿ."

ಮರುದಿನ ಮುಂಜಾನೆ ಯಾಕೆ ತರುವುದಿಲ್ಲ ಎಂದೆ. ಶಿವವ್ವ ನನ್ನನ್ನು ಧರ್ಮಭ್ರಷ್ಟನನ್ನು ನೋಡುವಂತೆ ನೋಡಿದರು.

"ಮರುದಿನ ಸೋಮವಾರರೀ."

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಶಿವವ್ವನ ಮನೆಯಲ್ಲಿ ಅದು ಇನ್ನೂ ಬಿಗಿ. ಆಕಳಿಗೂ ಅಂದು ಯಾವ ತಂಟೆಯೂ ಮಾಡುವಂತಿಲ್ಲ, ಸೂಜಿ ಚುಚ್ಚುವುದಂತೂ ದೂರ ಉಳಿಯಿತು. ಒಮ್ಮೆ ಮಂಗಳವಾರವೂ ತಂದು ನೋಡಿದ್ದರಂತೆ. ಅಷ್ಟರಲ್ಲಿ ಬೆದೆ ಆರಿತ್ತು. ಈಗ ನೋಡಿ ತಮಾಷೆ. ಆಕಳಿನ ಬೆದೆ ಹೊರಳುವುದು ಮೂರು ವಾರಕ್ಕೊಮ್ಮೆ. ಕೆಲವು ಆಕಳು ಒಂದೆರಡು ದಿನ ಹಿಂದೆ ಮುಂದೆ ಮಾಡುತ್ತವೆ. ಗೌರಿ ಹಾಗಲ್ಲ, ಮೂರು ವಾರವೆಂದರೆ ಸರಿಯಾಗಿ ಮೂರು ವಾರ. ಅಂದರೆ ಒಮ್ಮೆ ರವಿವಾರ ಬೆದೆಗೆ ಬಂದದ್ದು ಮುಂದೆಯೂ ರವಿವಾರವೇ. ಪ್ರತಿ ಸಲವೂ ತತ್ತಿಗೆ ಬೇಕಾದ ಹೊತ್ತು ಸೋಮವಾರಕ್ಕೇ ಬೀಳುತ್ತದೆ, ಪ್ರತಿ ಸಲವೂ ಇವರು ಸೋಮವಾರ ಬರುವ ಮುಂಚೆ ಓಡಿ ಬರುತ್ತಾರೆ. ಕಡ್ಡಿಯಲ್ಲಿದ್ದ ಅರ್ಧ ತಯಾರಾದ ಜೀವಗಳು ರಾತ್ರಿಯಿಡೀ ಕಾದು, ಬೆಳಗಾಗುವಷ್ಟರಲ್ಲಿ ಪ್ರಾಣ ಬಿಡುತ್ತವೆ. ಹಿಂದಿನ ಡಾಕ್ಟರರ ತಪ್ಪಲ್ಲ, ಸೋಮವಾರ ಅವರೂ ಮೀಟಿಂಗಿನಲ್ಲಿರುತ್ತಿದ್ದರು. ಬೆದೆಯ ದಿನವನ್ನೇ ಬದಲಿಸುವ ಔಷಧ ಆಗ ನಮ್ಮಂಥ ದವಾಖಾನೆಗೆ ಬಂದಿರಲಿಲ್ಲ.

ಪೊರೆ, ಕೊಲೆಸ್ಟರಾಲ್ ಎಂದೆಲ್ಲ ಹೇಳಿದರೆ ಶಿವವ್ವ ಕೇಳುವವರಲ್ಲ. ಹೋರಿ ಯಾವ ಹೊತ್ತಿನಲ್ಲಿ ಹಾರಿದರೂ ಆಕಳು ಕಟ್ಟುತ್ತಿತ್ತಲ್ಲ, ನಿಮ್ಮ ಸರಕಾರದ ಕಡ್ಡಿಗೇನು ಧಾಡಿ ಎಂದು ಅವರೇ ಕೇಳಿದರು. ಪ್ರಶ್ನೆ ಸರಿಯಾಗಿತ್ತು. ನನಗೆ ತೋಚಿದ್ದು ಜೋಳದ ರೊಟ್ಟಿ.

"ಅವ್ವಾರ, ಹೋರೀದು ಡಬ್ಬ್ಯಾಗಿನ ಹಿಟ್ಟಿದ್ದಂಗ. ಇಟ್ಟರ ಇರತೈತಿ, ಬೇಕಾದಾಗ ನಾದಿ ಬಡೀಬಹುದು. ನನ್ನ ಕಡ್ಡೀದು ಆಗಲೇ ನಾದಿದ ಹಿಟ್ಟು. ಹಂಚು ಕಾಯೂದ್ರಾಗ ನಾದಿಟ್ರ ಏನಾಗತೈತಿ?"

"ಜಿಗಿ ಹೋಗತೈತಿ. ರೊಟ್ಟಿ ಹರೀತೈತಿ" ಅಂದರು ಶಿವವ್ವ, ಇದೂ ಒಂದು ಪ್ರಶ್ನೆಯೇ ಎನ್ನುವ ಧ್ವನಿಯಲ್ಲಿ.

"ನೀವು ಪ್ರತಿ ಸಲ ಹಂಚು ಕಾಯೂಕಿಂತ ಮೊದಲ ರೊಟ್ಟಿ ಬಡಸಾಕತ್ತೀರಿ. ಹಂಚು ಕಾಯೂದು ಸೋಮವಾರ ಮುಂಜಾನೆ."

ಅವರಿಗೆ ಪೂರ್ತಿ ತಿಳಿಯಿತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ತಿಳಿದದ್ದಕ್ಕೂ ಒಪ್ಪುವುದಕ್ಕೂ ನಮ್ಮ ಜಿಲ್ಲೆಯಲ್ಲಿ ಸಂಬಂಧವಿಲ್ಲ. ಹಂಚು ಸೋಮವಾರ ಕಾಯ್ದರೆ ಅದು ಹಂಚಿನ ತಪ್ಪು ಎಂಬಂತೆ ಎದ್ದು ಹೊರಟರು. ಬಾಗಿಲಲ್ಲಿ ನೀಲವ್ವ ಒಂದು ಕ್ಷಣ ಹಿಂದೆ ಉಳಿದು ನನ್ನ ಮುಖ ನೋಡಿದಳು.

ಮುಂದಿನ ಬೆದೆಯ ರವಿವಾರ ಸಂಜೆ ಗೌರಿ ಒದರುವುದು ಊರಿಗೆಲ್ಲ ಕೇಳಿತು. ಶಿವವ್ವ ಆಕಳನ್ನು ಹೊಡೆದುಕೊಂಡು ಬಂದರು, ಹಿಂದೆ ಈರಪ್ಪ. ಈರಪ್ಪನೆಂದರೆ ಅವ್ವ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ, ಎತ್ತು ಏನಾದರೂ ಹೇಳಿದ್ದರೆ ಅದಕ್ಕೂ ಹೂಂ. ನಾನು ಹಂಡೆಯ ಮುಚ್ಚಳ ತೆಗೆಯುವುದಿಲ್ಲ ಅಂದೆ. ಶಿವವ್ವ ನನ್ನ ಕುಲಗೋತ್ರವನ್ನೆಲ್ಲ ವಿಚಾರಿಸಿ, ಸಾಹೇಬರಿಗೆ ಅರ್ಜಿ ಬರೆಸುತ್ತೇನೆ ಎಂದು ಹೇಳಿ, ಆಕಳನ್ನು ತಿರುಗಿಸಿಕೊಂಡು ಹೋದರು. ಇನ್ನೇನು, ಮೂರು ದಿನದಲ್ಲಿ ಸಂತೆ.

ಸೋಮವಾರ ಮುಂಜಾನೆ ಮೀಟಿಂಗಿಗೆಂದು ಇಸ್ತ್ರಿ ಅಂಗಿ ತೊಟ್ಟು ಬಸ್ಸಿಗೆ ನಿಂತಿದ್ದೆ. ಬಸ್ಸು ಬಂತು. ಕಾಲು ಇನ್ನೂ ಮೆಟ್ಟಿಲ ಮೇಲಿಟ್ಟಿರಲಿಲ್ಲ, ಮೌಲಾಸಾಬ ನನ್ನ ತೋಳು ಹಿಡಿದು ಓಣಿಯ ಕಡೆ ತೋರಿಸಿದ. ನೀಲವ್ವ ಗೌರಿಯ ಹಗ್ಗ ಹಿಡಿದು ಬರುತ್ತಿದ್ದಳು. ಓಡುತ್ತಿರಲಿಲ್ಲ, ಓಡುವುದನ್ನು ಯಾರೂ ನೋಡಬಾರದು ಎನ್ನುವಂತೆ ಬಿರಬಿರನೆ ನಡೆಯುತ್ತಿದ್ದಳು. ಈರಪ್ಪ ಮನೆಯಲ್ಲಿ ಏನು ಮಾಡುತ್ತಿದ್ದನೆಂದು ಆಮೇಲೆ ಕೇಳಿದೆ. ಹೂಂ ಅಂದು ಕೊಟ್ಟಿಗೆಯ ಬಾಗಿಲು ತೆಗೆದುಕೊಟ್ಟಿದ್ದನಂತೆ. ಅವನ ಮಟ್ಟಿಗೆ ಅದು ದಂಗೆಯೇ.

ಕಂಡಕ್ಟರು ಸೀಟಿ ಊದಿದ. ಮೀಟಿಂಗಿಗೆ ಗೈರಾದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬಸವಣ್ಣನಾದರೂ ಒಲಿದಾನು, ಸಾಹೇಬರು ಒಲಿಯುವ ದೈವವಲ್ಲ. ಬಸ್ಸು ಬಿಟ್ಟುಕೊಟ್ಟೆ.

"ಅತ್ತಿ ಮಠಕ್ಕ ಹೋಗ್ಯಾರ್ರಿ. ಪ್ರಸಾದ ಮುಗಿಸಿ ಬರೂದ್ರಾಗ ಆಗಬೇಕು" ಅಂದಳು ನೀಲವ್ವ. ಅವಳ ಧ್ವನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಹೇಳದೆ ಇರಲು ಮನಸ್ಸು ಒಪ್ಪಲಿಲ್ಲ. "ತಂಗೀ, ಸರಿಯಾದ ಹೊತ್ತಿಗೆ ಹಾಕಿದ್ರೂ ಎಲ್ಲಾ ಆಕಳೂ ನಿಲ್ಲಂಗಿಲ್ಲವ್ವಾ. ಇದು ನಿಲ್ಲಲಿಲ್ಲಂದ್ರ ಸೋಮವಾರ ಕೆಡಿಸಿದ ಪಾಪಾನೂ ನಿನ್ನ ತಲೀಗೇ ಬರತೈತಿ."

"ಈಗ ಬಂದಿದ್ದೇನು ಕಡಿಮಿ ಅದಾವೇನ್ರಿ? ಅದರ ಜೋಡಿ ಇದೂ ಒಂದು ಇರ್ಲಿ. ನೀವು ಮಾಡ್ರಿ."

ಆಕಳನ್ನು ಕಂಬಗಳ ನಡುವೆ ನಿಲ್ಲಿಸಿದೆವು. ತತ್ತಿಯ ಬಿಳಿಯಂಥ ತಿಳಿ ಲೋಳೆ ಹಿಂದಿನಿಂದ ನೂಲಿನಂತೆ ಇಳಿದಿತ್ತು. ಬೆನ್ನ ಮೇಲೆ ಕೈಯಿಟ್ಟರೆ ಅಲುಗದೆ ನಿಂತಿತ್ತು. ಒಳಗೆ ಕೈ ಹಾಕಿದರೆ ಗರ್ಭಕೋಶ ಬಿಗಿದುಕೊಂಡು ತಯಾರಿತ್ತು. ಇಷ್ಟು ಒಳ್ಳೆಯ ಹೊತ್ತು ನನಗೆ ಸಾಹೇಬರ ಗುರಿಯ ಕಾಟದಲ್ಲಿ ಅಪರೂಪಕ್ಕೆ ಸಿಕ್ಕಿದ್ದು. ಮೌಲಾಸಾಬ ಕೂಸಿಗೆ ಎರೆಯುವಷ್ಟು ಬೆಚ್ಚಗಿನ ನೀರು ಮಾಡಿಟ್ಟಿದ್ದ. ಕಡ್ಡಿಯನ್ನು ಅದರಲ್ಲಿ ಕರಗಿಸಿ, ಒರೆಸಿ, ಕೊಳವೆಗೆ ಹಾಕಿ, ಗರ್ಭಕೋಶದ ಬಾಯಿ ದಾಟಿಸಿ ಮೆಲ್ಲಗೆ ಬಿಟ್ಟೆ. ಕೆಲಸವಾದ ಮೇಲೆ ನೀಲವ್ವ ಗೌರಿಯ ಬೆನ್ನ ಮೇಲೆ ತಣ್ಣೀರು ಸುರಿದಳು. ಹೋರಿ ಹಾರಿದ ಮೇಲೆ ಹಾಗೆ ಸುರಿಯುವುದು ನಮ್ಮವರ ರೂಢಿ. ಅದರಿಂದ ಏನೂ ಆಗುವುದಿಲ್ಲ ಎಂದು ಎಷ್ಟೋ ಮಂದಿಗೆ ಉಪದೇಶ ಮಾಡಿದ್ದೇನೆ. ಅಂದು ಮಾಡಲಿಲ್ಲ.

ಶಿವವ್ವ ಬಂದೇ ಬಂದರು. ಮಠದಲ್ಲಿಯೇ ಯಾರೋ ಸುದ್ದಿ ಮುಟ್ಟಿಸಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಕೈಯಲ್ಲಿ ಪ್ರಸಾದದ ಬಟ್ಟಲು ಹಾಗೇ ಇತ್ತು. ಬೈಗುಳದ ನಿರೀಕ್ಷೆಯಲ್ಲಿ ಮೌಲಾಸಾಬನ ಔಷಧಿ ಕೋಣೆಗೆ ನಾನೂ ಹೋಗೋಣವೆಂದುಕೊಂಡೆ. ಆದರೆ ಅವರು ಕೂಗಾಡಲಿಲ್ಲ. ಸೊಸೆಯ ಕಡೆ ನೋಡದೆ, "ನಿಲ್ಲಲಿಲ್ಲಂದ್ರ ಇಬ್ಬರೂ ಒಂದಽ ಗಾಡ್ಯಾಗ ಹೋಗ್ರಿ" ಅಂದು ಹೊರಟುಹೋದರು. ಕೂಗಾಡಿದ್ದರೇ ಚೆನ್ನಾಗಿತ್ತು.

ನನಗೆ ಸಾಹೇಬರ ಮೆಮೊ ಬಂತು. ಮೀಟಿಂಗಿಗೆ ಗೈರಾದದ್ದಕ್ಕೆ ಕಾರಣ ಕೇಳಿದ್ದರು. ಆಕಳಿಗೆ ಸರಿಯಾದ ಹೊತ್ತು ಸೋಮವಾರ ಮುಂಜಾನೆ ಬಂದದ್ದರಿಂದ ಎಂದು ಬರೆದೆ. ಅದರ ಮೇಲೆ ಸಾಹೇಬರು ಹಸಿರು ಶಾಯಿಯಲ್ಲಿ, ಇಂಥವು ಸೋಮವಾರಗಳಂದು ಸಂಭವಿಸದಂತೆ ಸಾರ್ವಜನಿಕರಿಗೆ ತಿಳಿವಳಿಕೆ ನೀಡತಕ್ಕದ್ದು ಎಂದು ಷರಾ ಬರೆದು ಕಳಿಸಿದರು. ಬಸವಣ್ಣನ ಭಕ್ತೆಗೂ ಸರಕಾರದ ಭಕ್ತನಿಗೂ ನಡುವೆ ನನಗೆ ಕಂಡ ವ್ಯತ್ಯಾಸ ಒಂದೇ. ಶಿವವ್ವನಿಗೆ ರೊಟ್ಟಿಯ ಉದಾಹರಣೆ ತಿಳಿದಿತ್ತು.

ಮೂರು ವಾರದ ನಂತರದ ರವಿವಾರ ಸಂಜೆ ಯಾವುದೋ ನೆಪ ಮಾಡಿಕೊಂಡು ಅವರ ಮನೆಯ ಮುಂದೆ ಹಾದುಹೋದೆ. ಶಿವವ್ವ ಕೊಟ್ಟಿಗೆಯ ಎದುರಿಗೆ ಹೊರಸು ಹಾಕಿಕೊಂಡು ಕೂತಿದ್ದರು. ಈರಪ್ಪ ಅಂಗಳದಲ್ಲಿ ಸುಮ್ಮನೆ ಹಗ್ಗ ಹೊಸೆಯುತ್ತಿದ್ದ. ನೀಲವ್ವ ಮೇವು ಹಾಕಿ ಗೋಡೆಗೆ ಒರಗಿ ನಿಂತಿದ್ದಳು. ಮೂವರೂ ಒಂದು ಆಕಳಿನ ಬಾಯಿಯನ್ನು ನೋಡುತ್ತಿದ್ದರು. ಗೌರಿ ಮೇವು ತಿಂದಿತು, ನೀರು ಕುಡಿಯಿತು, ಮಲಗಿ ಮೆಲುಕು ಹಾಕಹತ್ತಿತು. ಒದರಲಿಲ್ಲ. ಈರಪ್ಪ ಹಗ್ಗ ಹೊಸೆಯುವುದನ್ನೂ ನಿಲ್ಲಿಸಿದ, ಸಪ್ಪಳಕ್ಕೆ ಅದು ಎಚ್ಚರಗೊಂಡು ಒದರಿಬಿಟ್ಟೀತು ಎನ್ನುವ ಹಾಗೆ. ಅದರ ಮುಂದಿನ ಸಲವೂ ಒದರಲಿಲ್ಲ.

ಒದರದಿದ್ದರೆ ಗಬ್ಬ ನಿಂತಿದೆ ಎಂದು ಪೂರ್ತಿ ನಂಬುವಂತಿಲ್ಲ. ಸುಮಾರು ಮೂರು ತಿಂಗಳಾದ ಮೇಲೆ ತಪಾಸಣೆಗೆ ತರಲು ಹೇಳಿದ್ದೆ. ತಂದರು, ಇಡೀ ಮನೆಯೇ ಬಂತು. ನೀಲವ್ವ ಹಗ್ಗ ಹಿಡಿದು ಆಕಳಿನ ತಲೆಯ ಬಳಿ ನಿಂತಳು, ಈರಪ್ಪ ಬಾಜುವಿಗೆ, ಶಿವವ್ವ ನನ್ನ ಭುಜದ ಹಿಂದೆಯೇ. ಒಳಗೆ ಕೈ ಹಾಕಿ ಹುಡುಕಿದೆ. ಗರ್ಭಕೋಶದ ಒಂದು ಕೊಂಬು ನೀರು ತುಂಬಿದ ಚೀಲದಂತೆ ಉಬ್ಬಿತ್ತು, ಬೆರಳಿಂದ ಮೆಲ್ಲಗೆ ತಳ್ಳಿದರೆ ಒಳಗೆ ಏನೋ ಪುಟ್ಟದೊಂದು ತೇಲಿ ಬಂದು ಬೆರಳಿಗೆ ತಾಗಿತು.

"ಗಬ್ಬ ಐತ್ರಿ" ಅಂದೆ.

ಶಿವವ್ವ ಆಕಳಿನ ಬೆನ್ನ ಮೇಲೆ ಎರಡೂ ಕೈ ಇಟ್ಟು ಅತ್ತುಬಿಟ್ಟರು. ಸಾವರಿಸಿಕೊಂಡು, ಬಸವಣ್ಣ ತನ್ನ ವಾರದಲ್ಲಿ ತಾನೇ ಕೊಟ್ಟಿದ್ದಾನೆ ಅಂದರು. ಹೌದ್ರಿ ಅಂದೆ. ಮಾಡಿದವನೊಬ್ಬ, ಹೆಸರು ಇನ್ನೊಬ್ಬನಿಗೆ ಎನ್ನುವುದು ನನಗೆ ಇಲಾಖೆಯಲ್ಲಿಯೇ ರೂಢಿಯಾಗಿತ್ತು. ಬಸವಣ್ಣ ಸಾಹೇಬರಿಗಿಂತ ಎಷ್ಟೋ ವಾಸಿ.

ನಾನು ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದೆ. ಶಿವವ್ವ ಕಣ್ಣೊರೆಸಿಕೊಂಡು, ಆಕಳ ಚಿಂತೆ ಮುಗಿಯಿತು, ಇನ್ನು ಉಳಿದದ್ದು ಇವಳದು ಎಂದರು. ಕುಂದಗೋಳದವರು ಮಾತು ಕೇಳುತ್ತಿದ್ದಾರೆ, ಶ್ರಾವಣ ಕಳೆಯುವಷ್ಟರಲ್ಲಿ ಹೂಂ ಅನ್ನಬೇಕು, ಮನೆಗೊಂದು ಕೂಸು ಬೇಡವೇನು ಎಂದು ಮಗನಿಗೆ ಹೇಳತೊಡಗಿದರು. ಮೇವಿನ ಬಣವೆ ಎಲ್ಲಿ ಒಟ್ಟುವುದು ಎಂದು ಮಾತಾಡುವಷ್ಟೇ ಸಲೀಸಾಗಿ, ಸೊಸೆಯ ಎದುರಿಗೇ. ಕೈಗುಣದ ಮಾತು ಬಿದ್ದುಹೋಗಿತ್ತು. ಆದರೆ ಬಂಡಿ ಮಾತ್ರ ಅದೇ ದಾರಿಯಲ್ಲೇ ಹೊರಟಿತ್ತು. ನಾನು ನೀರು ಸುರಿಯುವುದನ್ನು ನಿಲ್ಲಿಸಿದೆ. ಈರಪ್ಪನ ಬಾಯಿಂದ ಹೂಂ ಬರುವುದನ್ನು ಕಾಯುತ್ತಿದ್ದೆ.

"ಡಾಕ್ಟರ್ರಽ" ಅಂದಳು ನೀಲವ್ವ. ಅತ್ತೆಯ ಎದುರು ಅವಳು ಬಾಯಿ ತೆರೆದದ್ದನ್ನು ಅಲ್ಲಿದ್ದ ಯಾರೂ ಅದುವರೆಗೆ ಕಂಡಿರಲಿಲ್ಲ. "ಒಂದು ಊರಾಗ ಆಕಳು ನಿಲ್ಲವಲ್ಲವು ಅಂದ್ರ, ನೀವು ಮೊದಲ ಯಾರನ್ನ ನೋಡ್ತೀರಿ?"

ಅವಳು ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ನನ್ನ ನೌಕರಿಯಲ್ಲಿ ಇಷ್ಟು ಎಚ್ಚರದಿಂದ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿಲ್ಲ.

"ಹೋರೀನವ್ವಾ. ಹೋರಿ ನೋಡಿ, ಅದು ಸರಿ ಐತಿ ಅಂತ ಖಾತ್ರಿ ಆದ ಮ್ಯಾಲಷ್ಟ ಆಕಳಿಗೆ ಹೆಸರಿಡೂದು."

"ಮನಷ್ಯಾರಿಗೆ ಹಂಗ ನೋಡವ್ರು ಇರ್ತಾರೇನ್ರಿ?"

"ಹುಬ್ಬಳ್ಳ್ಯಾಗ ದೊಡ್ಡ ದವಾಖಾನ್ಯಾಗ ಅದಾರ. ಒಂದು ಹನಿ ಸಾಕು."

ಮೌಲಾಸಾಬ ಔಷಧಿ ಕೋಣೆಗೆ ಹೋಗುವುದನ್ನೂ ಮರೆತು ನಿಂತಿದ್ದ. ಈರಪ್ಪ ಗೌರಿಯ ಗೊರಸು ನೋಡುತ್ತಿದ್ದ. ಶಿವವ್ವ ಆಕಳಿನ ಬೆನ್ನು ಸವರತೊಡಗಿದರು. ದನಗಳ ನಡುವೆ ಬೆಳೆದು ಮುದುಕಿಯಾದ ಹೆಂಗಸು, ಹೋರಿಯಲ್ಲಿ ಕಸುವಿಲ್ಲದ್ದಕ್ಕೆ ಊರ ಆಕಳುಗಳೆಲ್ಲ ಬರಿದಾದದ್ದನ್ನು ಅವರು ಕಣ್ಣಾರೆ ಕಂಡಿರಲೇಬೇಕು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ.

ಆಮೇಲೆ ಮಗನ ಮುಖ ನೋಡದೆ, "ಹುಬ್ಬಳ್ಳಿ ಬಸ್ಸು ಇನ್ನೇನು ಬರತೈತಿ. ಮನೀಗೆ ಹೋಗಿ ಚಲೋ ಅಂಗಿ ಹಾಕ್ಕೋ. ಅಕೀನೂ ಕರಕೊಂಡು ಹೋಗು" ಅಂದರು.

ಈರಪ್ಪ ಹೂಂ ಅನ್ನಲಿಲ್ಲ. ಹೆಂಡತಿಯ ಕಡೆ ತಿರುಗಿ, "ನಡಿ, ಹೋಗೂಣು" ಅಂದ. ನೀಲವ್ವ ಆಕಳಿನ ಹಗ್ಗವನ್ನು ಅತ್ತೆಯ ಕೈಗೆ ಕೊಟ್ಟು ಅವನ ಮುಂದೆ ಮುಂದೆ ನಡೆದಳು.